ಜರ್ಮನಿಯ ಸಣ್ಣ ಊರಲ್ಲಿ ಎರಡು ದಿನ ಇದ್ದರೆ ಬೇಸರ ಆಗಲ್ವಾ?

ಪ್ರಶ್ನೆ: ಮಗಳು ಬರ್ಲಿನ್‌ನಲ್ಲಿ ಓದುತ್ತಿದ್ದಾಳೆ. ಮೇ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಅವಳನ್ನು ನೋಡಲು ಹೋಗುತ್ತಿದ್ದೇವೆ. ಇಬ್ಬರಿಗೂ ಅರವತ್ತರ ಆಸುಪಾಸು. ದಿನಕ್ಕೆ ಮೂರು ಊರು ತೋರಿಸುವ ಬಸ್ ಟೂರ್ ನಮಗೆ ಬೇಡ. ಗದ್ದಲವಿಲ್ಲದ ಒಂದು ಸಣ್ಣ ಊರಲ್ಲಿ ಎರಡು ದಿನ ಇದ್ದು ಬರೋಣ ಅಂತ ಆಸೆ. ಯಾವ ಊರಿಗೆ ಹೋಗಬಹುದು? ನಾವು ಸಸ್ಯಾಹಾರಿಗಳು, ಜರ್ಮನ್ ಬರುವುದಿಲ್ಲ. ಎರಡು ದಿನ ಅಲ್ಲಿ ಮಾಡೋದೇನು, ಬೇಸರ ಆಗಲ್ವಾ ಎಂಬುದು ನನ್ನ ಹೆಂಡತಿಯ ಪ್ರಶ್ನೆ. ಮಗಳಿಗೆ ಶನಿವಾರ, ಭಾನುವಾರ ಮಾತ್ರ ಬಿಡುವು.
– ದಾವಣಗೆರೆಯ ಓದುಗರು

ಉತ್ತರ: ಮೊದಲು ಊರಿನ ಹೆಸರು ಹೇಳಿಬಿಡುತ್ತೇನೆ: ಕ್ವೆಡ್ಲಿನ್‌ಬುರ್ಗ್. ಬರ್ಲಿನ್‌ನಿಂದ ನೈರುತ್ಯಕ್ಕೆ, ಹಾರ್ಟ್ಸ್ ಬೆಟ್ಟಸಾಲಿನ ಬುಡದಲ್ಲಿದೆ. ಇಪ್ಪತ್ತು ಸಾವಿರ ಚಿಲ್ಲರೆ ಜನ. ಬೋಡೆ ಅನ್ನುವ ಸಣ್ಣ ಹೊಳೆ, ಒಂದು ಕಲ್ಲುಗುಡ್ಡ, ಅದರ ಮೇಲೊಂದು ಹಳೆಯ ಚರ್ಚ್, ಕೆಳಗೆ ಎರಡು ಸಾವಿರಕ್ಕೂ ಹೆಚ್ಚು ಮರದ ಚೌಕಟ್ಟಿನ ಮನೆಗಳು. 1994ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಜರ್ಮನಿಯ ಸಣ್ಣ ಊರು ಅಂದಕೂಡಲೇ ಎಲ್ಲರೂ ರೋಥೆನ್‌ಬುರ್ಗ್‌ಗೆ ಹೋಗಿ ಅನ್ನುತ್ತಾರೆ. ಚೆಂದದ ಊರೇ, ಇಲ್ಲ ಅನ್ನಲಾರೆ. ಆದರೆ ನೀವು ಬೇಡ ಅಂದ ಬಸ್ ಟೂರ್‌ಗಳೆಲ್ಲ ಬಂದು ನಿಲ್ಲುವುದು ಅಲ್ಲೇ. ಬರ್ಲಿನ್‌ನಿಂದ ದೂರವೂ ಜಾಸ್ತಿ. ಕ್ವೆಡ್ಲಿನ್‌ಬುರ್ಗ್‌ಗೂ ಪ್ರವಾಸಿಗರು ಬರುತ್ತಾರೆ, ಹೆಚ್ಚಿನವರು ಜರ್ಮನ್ನರು. ಬೆಳಗ್ಗೆ ಹತ್ತರ ಮೇಲೆ ಬಂದು ಸಂಜೆ ಐದರ ಹೊತ್ತಿಗೆ ಹೊರಟುಬಿಡುತ್ತಾರೆ. ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಅಂದರೆ ನಾಲ್ಕು ಗಂಟೆ ಒಳ್ಳೆಯ ಬೆಳಕು, ಖಾಲಿ ಬೀದಿ. ಅದು ಸಿಗುವುದು ಅಲ್ಲೇ ರಾತ್ರಿ ಉಳಿದವರಿಗೆ ಮಾತ್ರ. ಆದ್ದರಿಂದ ಬರ್ಲಿನ್‌ನಿಂದ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಎರಡು ರಾತ್ರಿ ಉಳಿಯಿರಿ.

ಇನ್ನು ನಿಮ್ಮ ಮನೆಯವರ ಪ್ರಶ್ನೆ. ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಹೊರಟರೆ ಬೇಸರ ಖಂಡಿತ. ಪಟ್ಟಿ ಅರ್ಧ ದಿನಕ್ಕೆ ಮುಗಿಯುತ್ತದೆ. ಈ ಊರಲ್ಲಿ ನೋಡುವುದು ಮನೆಗಳನ್ನು. ಅವನ್ನು ಹೇಗೆ ನೋಡಬೇಕು ಅಂತ ಒಂದಿಷ್ಟು ತಿಳಿದಿದ್ದರೆ ಒಂದೊಂದು ಬೀದಿಗೂ ಒಂದೊಂದು ಗಂಟೆ ಬೇಕು.

ಮೊದಲು ವೋರ್ಡ್‌ಗಾಸ್ಸೆ ಎಂಬ ಓಣಿಗೆ ಹೋಗಿ. ಅಲ್ಲಿ 1347ರ ಹೊತ್ತಿಗೆ ಕಟ್ಟಿದ ಒಂದು ಮನೆ ಇದೆ, ಈಗ ಮ್ಯೂಸಿಯಂ. ನೋಡಿದರೆ ದೊಡ್ಡದೇನಲ್ಲ. ಆದರೆ ಕಂಬಗಳನ್ನು ಗಮನಿಸಿ. ನೆಲದಿಂದ ಹೊರಟ ಕಂಬ ಎಲ್ಲೂ ತುಂಡಾಗದೆ ನೇರ ಸೂರಿನವರೆಗೆ ಹೋಗುತ್ತದೆ. ಅಷ್ಟುದ್ದದ ಮರ ಸಿಗುತ್ತಿದ್ದ ಕಾಲದ ಕೆಲಸ ಅದು. ಆಮೇಲಿನ ಮನೆಗಳಲ್ಲಿ ಹಾಗಿಲ್ಲ. ಒಂದೊಂದು ಮಹಡಿಯೂ ಬೇರೆ ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಇಟ್ಟಂತೆ. ಮೇಲಿನ ಮಹಡಿ ಕೆಳಗಿನದಕ್ಕಿಂತ ಒಂದು ಗೇಣು ಬೀದಿಯ ಕಡೆಗೆ ಚಾಚಿಕೊಂಡಿರುತ್ತದೆ. ಜಾಗ ಕಡಿಮೆ ಇದ್ದ ಊರಲ್ಲಿ ಕೋಣೆ ದೊಡ್ಡದು ಮಾಡಿಕೊಳ್ಳುವ ಉಪಾಯ. ಕಂಬಗಳ ನಡುವೆ ನಮ್ಮ ಹಳ್ಳಿಯ ತಡಿಕೆ ಗೋಡೆಯ ಹಾಗೆಯೇ ಕೋಲು ಹೆಣೆದು, ಹುಲ್ಲು ಕಲಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದಿರುತ್ತಾರೆ.

ಮಹಡಿ ಚಾಚಿಕೊಂಡ ಕಡೆ ಅಡ್ಡ ತೊಲೆಗಳ ತುದಿ ಹೊರಗೆ ಕಾಣುತ್ತದಲ್ಲ, ಅದನ್ನು ನೋಡಿಯೇ ಬಲ್ಲವರು ಮನೆಯ ವಯಸ್ಸು ಅಂದಾಜು ಮಾಡುತ್ತಾರೆ. ಬೀಸಣಿಗೆಯ ಆಕಾರದ ಅರ್ಧ ಹೂವು ಕೆತ್ತಿದ್ದರೆ ಹದಿನಾರನೆಯ ಶತಮಾನದ ಕಡೆಯದು ಇರಬಹುದು. ತೊಲೆಯ ತುದಿ ಮೊಟುಕು ಪಿರಮಿಡ್ಡಿನಂತೆ ಚೂಪಾಗಿದ್ದರೆ ಸುಮಾರು ನೂರು ವರ್ಷ ಈಚಿನದು. ಈ ಪಿರಮಿಡ್ ತುದಿ ಈ ಊರಿನ ಬಡಗಿಗಳ ಕೈಗುರುತು ಇದ್ದ ಹಾಗೆ. ಇನ್ನು ತೊಲೆತುದಿಗಳ ಮೇಲೆ ಅಡ್ಡಲಾಗಿ ಕೂತಿರುವ ದಿಮ್ಮಿಯಲ್ಲಿ ಅಕ್ಷರಗಳಿರುತ್ತವೆ. ಕಟ್ಟಿಸಿದವನ ಹೆಸರು, ಕೆಲವು ಕಡೆ ಹೆಂಡತಿಯ ಹೆಸರು, ಇಸವಿ, ಬೈಬಲ್ಲಿನ ಒಂದು ಸಾಲು. ಕತ್ತೆತ್ತಿ ಓದುತ್ತಾ ಹೋಗಿ. ಭಾಷೆ ಬರದಿದ್ದರೂ ಇಸವಿ ಓದಬಹುದು. 1560, 1612, 1680 ಎಂಬ ಅಂಕಿಗಳು ಒಂದೇ ಬೀದಿಯ ಆಚೀಚೆ ಸಿಗುತ್ತವೆ, ಕೆಳಗಿನ ಬಾಗಿಲಲ್ಲಿ ಯಾರೋ ಸೈಕಲ್ ಒರಗಿಸಿ ಹಾಲಿನ ಪ್ಯಾಕೆಟ್ ಒಳಗೆ ತೆಗೆದುಕೊಂಡು ಹೋಗುತ್ತಿರುತ್ತಾರೆ. ಇವು ಸುಮ್ನೆ ತೋರಿಕೆಗೆ ಇಟ್ಟ ಮನೆಗಳಲ್ಲ, ಜನ ಬದುಕುತ್ತಿರುವ ಮನೆಗಳು.

ಇಷ್ಟು ಮನೆ ಉಳಿದದ್ದು ಹೇಗೆ ಅಂದರೆ, ಒಂದು ಪಾಲು ಅದೃಷ್ಟ, ಒಂದು ಪಾಲು ಬಡತನ. ಎರಡನೇ ಮಹಾಯುದ್ಧದಲ್ಲಿ ಊರಿಗೆ ದೊಡ್ಡ ಪೆಟ್ಟು ಬೀಳಲಿಲ್ಲ. ಆಮೇಲೆ ಅದು ಪೂರ್ವ ಜರ್ಮನಿಗೆ ಸೇರಿತು. 1960ರ ದಶಕದಲ್ಲಿ ಹಳೆಯದನ್ನೆಲ್ಲ ಕೆಡವಿ ಹೊಸ ಕಾಂಕ್ರೀಟ್ ಊರು ಕಟ್ಟುವ ಯೋಜನೆ ಇತ್ತು. ಸರ್ಕಾರದ ಹತ್ತಿರ ಕೆಡವಲೂ ದುಡ್ಡಿರಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. ರಿಪೇರಿಗೂ ದುಡ್ಡಿರಲಿಲ್ಲ, ಅದು ಬೇರೆ ಮಾತು. 1990ರಲ್ಲಿ ಎರಡು ಜರ್ಮನಿ ಒಂದಾಗುವ ಹೊತ್ತಿಗೆ ಎಷ್ಟೋ ಮನೆಗಳು ಕುಸಿಯುವ ಸ್ಥಿತಿಯಲ್ಲಿದ್ದವು. ಈಗಲೂ ಹಿಂದಿನ ಓಣಿಗಳಲ್ಲಿ ಬಣ್ಣ ಉದುರಿದ, ಕಿಟಕಿಗೆ ಹಲಗೆ ಬಡಿದ ಮನೆಗಳಿವೆ. ಅವನ್ನೂ ನೋಡಿ. ಪೂರ್ತಿ ಪಾಲಿಶ್ ಆದ ಊರಿಗಿಂತ ಈ ಊರು ನನಗೆ ಹಿಡಿಸುವುದು ಅದಕ್ಕೇ.

ಗುಡ್ಡದ ಮೇಲಿನ ಕಥೆ ನಿಮ್ಮ ಮನೆಯವರಿಗೆ ಇಷ್ಟವಾದೀತು. 919ರಲ್ಲಿ ಜರ್ಮನ್ ರಾಜನಾದ ಮೊದಲನೇ ಹೈನ್ರಿಖ್ 936ರಲ್ಲಿ ತೀರಿಕೊಂಡಾಗ ಅವನನ್ನು ಇಲ್ಲಿ ಮಣ್ಣು ಮಾಡಿದರು. ಅವನ ಹೆಂಡತಿ ಮಟಿಲ್ಡೆ ಅದೇ ವರ್ಷ ಇಲ್ಲಿ ಹೆಂಗಸರ ಮಠವೊಂದನ್ನು ಶುರು ಮಾಡಿಸಿದಳು. ರಾಜಮನೆತನದ, ದೊಡ್ಡ ಮನೆತನದ ಹೆಣ್ಣುಮಕ್ಕಳ ಮಠ. ಮಠದ ಮುಖ್ಯಸ್ಥೆಯೇ ಊರಿನ ಒಡತಿ. 1803ರವರೆಗೆ, ಅಂದರೆ ಹತ್ತಿರ ಹತ್ತಿರ ಒಂಬೈನೂರು ವರ್ಷ, ಈ ಊರನ್ನು ಹೆಂಗಸರೇ ಆಳಿದರು. ಮೊದಲ ಮುಖ್ಯಸ್ಥೆ ಹೈನ್ರಿಖ್‌ನ ಮೊಮ್ಮಗಳು. ಅವಳ ಹೆಸರೂ ಮಟಿಲ್ಡೆ. ಚಕ್ರವರ್ತಿ ಇಟಲಿಗೆ ಹೋದಾಗ ರಾಜ್ಯದ ಆಡಳಿತ ನೋಡಿಕೊಂಡವಳೂ ಅವಳೇ.

ಊರಿನ ವ್ಯಾಪಾರಿಗಳಿಗೆ ಈ ಆಳ್ವಿಕೆ ಯಾವಾಗಲೂ ಹಿಡಿಸುತ್ತಿರಲಿಲ್ಲ. ಮಾರುಕಟ್ಟೆ ಚೌಕದಲ್ಲಿ ಪುರಭವನದ ಗೋಡೆಗೆ ಒತ್ತಿಕೊಂಡು ಕತ್ತಿ ಹಿಡಿದ ಕಲ್ಲಿನ ಮನುಷ್ಯನೊಬ್ಬ ನಿಂತಿದ್ದಾನೆ, ರೋಲಾಂಡ್ ಅಂತ. ಉತ್ತರ ಜರ್ಮನಿಯ ಊರುಗಳಲ್ಲಿ 'ನಾವು ಸ್ವತಂತ್ರರು' ಎಂದು ಸಾರುವುದಕ್ಕೆ ಈ ಪ್ರತಿಮೆ ನಿಲ್ಲಿಸುತ್ತಿದ್ದರು. 1477ರಲ್ಲಿ ಮುಖ್ಯಸ್ಥೆ ಹೆಡ್ವಿಗ್ ತನ್ನ ಅಣ್ಣತಮ್ಮಂದಿರ ಸೈನ್ಯ ಕರೆಸಿ ಊರನ್ನು ಬಗ್ಗಿಸಿದಳು, ರೋಲಾಂಡ್‌ನನ್ನು ಕೆಡವಿಸಿದಳು. ಅವನು ಮತ್ತೆ ಎದ್ದು ನಿಂತದ್ದು 1869ರಲ್ಲಿ. ಜರ್ಮನಿಯಲ್ಲಿ ವೈದ್ಯಪದವಿ ಪಡೆದ ಮೊದಲ ಹೆಂಗಸು ಡೊರೊಥೆಯಾ ಎರ್ಕ್ಸ್‌ಲೇಬೆನ್ ಕೂಡ ಇದೇ ಊರಿನವಳು. 1754ರಲ್ಲಿ, ಮನೆತುಂಬ ಮಕ್ಕಳನ್ನು ಸಾಕುತ್ತಲೇ, ಹಾಲೆ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮುಗಿಸಿದಳು.

ಗುಡ್ಡದ ಮೇಲಿನ ಸಂತ ಸೆರ್ವಾಷಿಯಸ್ ಚರ್ಚ್ 1129ರಲ್ಲಿ ಪೂರ್ತಿಯಾದದ್ದು. ಒಳಗೆ ಕಂಬಗಳ ತಲೆಯಲ್ಲಿ ಹಕ್ಕಿ, ಬಳ್ಳಿ, ವಿಚಿತ್ರ ಮೃಗಗಳ ಕೆತ್ತನೆ. ನೆಲಮಾಳಿಗೆಯಲ್ಲಿ ರಾಣಿ ಮಟಿಲ್ಡೆಯ ಕಲ್ಲಿನ ಶವಪೆಟ್ಟಿಗೆ ಈಗಲೂ ಇದೆ. ಪಕ್ಕದಲ್ಲಿ ಗಂಡನ ಸಮಾಧಿ ಖಾಲಿ. ಇದನ್ನೇ ಹಿಡಿದುಕೊಂಡು ಹಿಟ್ಲರನ ಕಾಲದಲ್ಲಿ ನಾಜಿ ಮುಖಂಡ ಹಿಮ್ಲರ್ ದೊಡ್ಡ ನಾಟಕ ನಡೆಸಿದ. ರಾಜ ಸತ್ತು ಸಾವಿರ ವರ್ಷ ಅಂತ 1936ರಲ್ಲಿ ಇಲ್ಲಿ ಮೆರವಣಿಗೆ ಮಾಡಿಸಿದ, ಆಮೇಲೆ ಎಲುಬು ಸಿಕ್ಕಿತು ಅಂತಲೂ ಘೋಷಿಸಿದ, ಚರ್ಚನ್ನೇ ಕಿತ್ತುಕೊಂಡ. ಆ ಎಲುಬು ರಾಜನದಲ್ಲ ಎಂದು ಯುದ್ಧದ ನಂತರ ಗೊತ್ತಾಯಿತು.

ಚರ್ಚಿನ ಭಂಡಾರವನ್ನು ತಪ್ಪಿಸಬೇಡಿ. ಅಲ್ಲಿರುವ ಚಿನ್ನದ ರಟ್ಟಿನ ಬೈಬಲ್, ದಂತದ ಪೆಟ್ಟಿಗೆ, ಸ್ಫಟಿಕದ ಕುಪ್ಪಿಗಳಲ್ಲಿ ಕೆಲವು ಟೆಕ್ಸಾಸ್ ನೋಡಿ ಬಂದಂಥವು. ಯುದ್ಧಕಾಲದಲ್ಲಿ ಕಾಪಾಡಲೆಂದು ಇವನ್ನು ಊರ ಹೊರಗಿನ ಗವಿಯಲ್ಲಿ ಇಟ್ಟಿದ್ದರು. 1945ರಲ್ಲಿ ಕಾವಲಿಗೆ ಬಂದ ಅಮೆರಿಕನ್ ಸೇನಾಧಿಕಾರಿಯೊಬ್ಬ ಹತ್ತಾರು ವಸ್ತು ಎತ್ತಿಕೊಂಡು ಸೇನೆಯ ಅಂಚೆಯಲ್ಲೇ ಮನೆಗೆ ಪಾರ್ಸೆಲ್ ಕಳಿಸಿದ! ಅವನು ಸತ್ತ ಮೇಲೆ ಅವನ ಕಡೆಯವರು ಮಾರಲು ಹೋದಾಗ ಗುಟ್ಟು ಬಯಲಾಯಿತು. 1993ರಲ್ಲಿ ವಸ್ತುಗಳು ಊರಿಗೆ ಮರಳಿದವು. ಎರಡು ಇನ್ನೂ ಸಿಕ್ಕಿಲ್ಲ. ಗುಡ್ಡದ ಮೇಲೆ ವರ್ಷಗಳಿಂದ ರಿಪೇರಿ ನಡೆದಿದೆ, ಆದ್ದರಿಂದ ಯಾವ ಭಾಗ ತೆರೆದಿದೆ ಅಂತ ಮಗಳ ಕೈಲಿ ಮೊದಲೇ ನೋಡಿಸಿ. ಮ್ಯೂಸಿಯಂಗಳಿಗೂ ವಾರದ ರಜೆ ಇರುತ್ತದೆ, ಯಾವುದಕ್ಕೆ ಯಾವ ದಿನ ಅಂತಲೂ ನೋಡಿಸಿ.

ಎದುರಿಗೇ ಮ್ಯುಂಟ್ಸೆನ್‌ಬೆರ್ಗ್ ಎಂಬ ಇನ್ನೊಂದು ದಿಣ್ಣೆ ಇದೆ. ಅಲ್ಲೂ ಒಂದು ಮಠ ಇತ್ತು. 1525ರ ರೈತರ ದಂಗೆಯಲ್ಲಿ ಹಾಳಾಯಿತು. ಆಮೇಲೆ ಬಡ ಕುಶಲಕರ್ಮಿಗಳು, ಬೀದಿ ವಾದ್ಯಗಾರರು ಬಂದು ಹಾಳು ಚರ್ಚಿನ ಗೋಡೆಗಳಿಗೇ ಆತುಕೊಂಡು ಪುಟ್ಟ ಪುಟ್ಟ ಮನೆ ಕಟ್ಟಿಕೊಂಡರು. ಚರ್ಚಿನ ಕಂಬ ಒಬ್ಬರ ನೆಲಮಾಳಿಗೆಯಲ್ಲಿ, ಕಮಾನು ಇನ್ನೊಬ್ಬರ ಹಿತ್ತಿಲಲ್ಲಿ. ಸಂಜೆ ಏಳರ ಸುಮಾರಿಗೆ ಇಲ್ಲಿಗೆ ಹತ್ತಿ. ಎದುರು ಗುಡ್ಡದ ಚರ್ಚಿನ ಮೇಲೆ ಇಳಿಬಿಸಿಲು ಬೀಳುತ್ತದೆ. ಕೂರಲು ಬೆಂಚುಗಳಿವೆ. ಮೆಟ್ಟಿಲು ಸ್ವಲ್ಪ ಕಡಿದು, ನಿಧಾನವಾಗಿ ಹತ್ತಿ.

ಇನ್ನು ಊಟ. ನಿಮ್ಮ ಪ್ರವಾಸದ ಸುಖ ದುಃಖ ನಿಂತಿರುವುದು ಇದರ ಮೇಲೆ, ಅಲ್ವಾ? ಹೋಟೆಲ್ ರೂಮಿನ ಬದಲು ಅಡುಗೆಮನೆ ಇರುವ ರಜಾ ಮನೆ ಹಿಡಿಯಿರಿ. ಅಲ್ಲಿ ಅದಕ್ಕೆ ಫೆರಿಯನ್‌ವೋನುಂಗ್ ಅನ್ನುತ್ತಾರೆ. ಈ ಊರಲ್ಲಿ ಹಳೆಯ ಮರದ ಮನೆಗಳಲ್ಲೇ ಬೇಕಾದಷ್ಟಿವೆ. ಬುಕ್ ಮಾಡುವಾಗ ನೆಲ ಅಂತಸ್ತಿನ ಮನೆಯೇ ಬೇಕು ಎಂದು ಕೇಳಿ. ನಾನೂರು ವರ್ಷದ ಮನೆಯಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಏಣಿಯಷ್ಟು ಕಡಿದು, ಬಾಗಿಲು ಗಿಡ್ಡ. ಕೀಲಿ ಎಷ್ಟು ಗಂಟೆಯೊಳಗೆ ಪಡೆಯಬೇಕು, ಯಾರ ಕೈಯಿಂದ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ. ಸಂಜೆ ಆರರ ಮೇಲೆ ಹೋಗಿ ಬಾಗಿಲು ತಟ್ಟಿದರೆ ಯಾರೂ ಇಲ್ಲದೆ ಹೋಗಬಹುದು.

ಅಕ್ಕಿ, ಮೊಸರು, ಆಲೂಗಡ್ಡೆ, ಕೆಂಪು ತೊಗರಿಯಂತೆ ಕಾಣುವ ಮಸೂರ್ ಬೇಳೆ, ಎಲ್ಲ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಸಾರಿನ ಪುಡಿ, ಇಂಗು ನೀವೇ ಒಯ್ಯಿರಿ. ಒಗ್ಗರಣೆ ಹಾಕುವಾಗ ಮಾತ್ರ ಕಿಟಕಿ ತೆಗೆದಿಡಿ. ಪ್ರತಿ ಮನೆಯಲ್ಲೂ ಹೊಗೆ ಅಲಾರಂ ಕಡ್ಡಾಯ. ಒಣಮೆಣಸಿನಕಾಯಿಯ ಘಾಟಿಗೆ ಅದು ಕಿರುಚಿಕೊಂಡರೆ ಇಡೀ ಓಣಿ ಎದ್ದುಬರುತ್ತದೆ.

ಹೊರಗೆ ಒಂದೆರಡು ಊಟ ಮಾಡಲೇಬೇಕು. ಮೇ ತಿಂಗಳು ಬಿಳಿ ಆಸ್ಪರಾಗಸ್ ಕಾಲ. ಜೂನ್ 24ಕ್ಕೆ ಮುಗಿಯುತ್ತದೆ. ಬೇಯಿಸಿದ ಆಸ್ಪರಾಗಸ್, ಆಲೂಗಡ್ಡೆ, ಕರಗಿಸಿದ ಬೆಣ್ಣೆ: ಹೀಗೇ ಕೇಳಿ. ಇಲ್ಲವಾದರೆ ಹ್ಯಾಮ್ ಜೊತೆಗೆ ಬರುತ್ತದೆ. ಅದರ ಮೇಲೆ ಹಾಕುವ ಹಳದಿ ಸಾಸಿನಲ್ಲಿ ಮೊಟ್ಟೆ ಇರುತ್ತದೆ. ಸಿಪ್ಪೆಸಹಿತ ಬೇಯಿಸಿದ ಆಲೂಗಡ್ಡೆಗೆ ಕ್ವಾರ್ಕ್ ಎಂಬ ಗಟ್ಟಿ ಮೊಸರು ಹಚ್ಚಿ ತಿನ್ನುವುದು ಇನ್ನೊಂದು, ನಮ್ಮ ಬಾಯಿಗೆ ಹೊಂದುತ್ತದೆ. ಎಚ್ಚರ ಬೇಕಾದ ಕಡೆ ಹೇಳುತ್ತೇನೆ. ಆಲೂಗಡ್ಡೆ ಸೂಪು, ಹುರಿದ ಆಲೂಗಡ್ಡೆ, ಎಲೆಕೋಸಿನ ಪಲ್ಯದಲ್ಲಿ ಹಂದಿ ಕೊಬ್ಬಿನ ಚೂರು ಇರುವುದು ಮಾಮೂಲು. ಮೆನುವಿನಲ್ಲಿ ಮಾಂಸದ ಹೆಸರೇ ಇಲ್ಲದಿದ್ದರೂ ಇರಬಹುದು. 'ಓಹ್ನೆ ಷ್ಪೆಕ್' ಅಂದರೆ ಕೊಬ್ಬು ಬೇಡ. ಕೆನೆಯ ಕೇಕುಗಳಲ್ಲಿ ಜೆಲಟಿನ್ ಇರುವುದುಂಟು, ಒಲೆಯಲ್ಲಿ ಬೇಯಿಸಿದ ಚೀಸ್ ಕೇಕ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಮೊಟ್ಟೆ ಇರುತ್ತದೆ. ಮೊಟ್ಟೆಯೂ ತಿನ್ನದವರಾದರೆ ಕೇಕಿನ ಆಸೆ ಬಿಡಬೇಕು, ಬ್ರೆಡ್ಡಿಗೆ ಚಿಂತೆಯಿಲ್ಲ. ಹಾರ್ಟ್ಸರ್ ಕೇಝೆ ಎಂಬ ಇಲ್ಲಿನ ಚೀಸಿಗೆ ಕೊಬ್ಬು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ವಾಸನೆ ಮಾತ್ರ ಬೀದಿ ದಾಟುತ್ತದೆ. ಎಲ್ಲೂ ಏನೂ ಸಿಗದಿದ್ದರೆ ವಿಯೆಟ್ನಾಂ ಹೋಟೆಲ್ ಹುಡುಕಿ. ಪೂರ್ವ ಜರ್ಮನಿ ಇದ್ದಾಗ ಕಾರ್ಖಾನೆ ಕೆಲಸಕ್ಕೆ ಬಂದ ವಿಯೆಟ್ನಾಮಿನವರು ಅಲ್ಲೇ ನೆಲೆಸಿದ್ದರಿಂದ ಆ ಕಡೆಯ ಸಣ್ಣ ಊರುಗಳಲ್ಲೂ ಅವರ ಹೋಟೆಲ್ ಸಿಗುತ್ತವೆ. ತೋಫು, ಅನ್ನ, ತರಕಾರಿ ಮಾಡಿಕೊಡುತ್ತಾರೆ. ಮೀನಿನ ಸಾಸ್ ಬೇಡ ಅಂತ ಹೇಳಲು ಮರೆಯಬೇಡಿ.

ಸಣ್ಣ ಊರಿನಲ್ಲಿ ಗಡಿಯಾರವೇ ಯಜಮಾನ. ಅಡುಗೆಮನೆ ಎಂಟೂವರೆ, ಒಂಬತ್ತಕ್ಕೆ ಮುಚ್ಚುತ್ತದೆ, ನಮ್ಮ ಹಾಗೆ ಒಂಬತ್ತೂವರೆಗೆ ಊಟಕ್ಕೆ ಹೊರಟರೆ ಬಿಯರ್ ಮಾತ್ರ ಸಿಗುತ್ತದೆ. ಪ್ರತಿ ಹೋಟೆಲಿಗೂ ವಾರದ ರಜೆ ಇದೆ, ಹೆಚ್ಚಾಗಿ ಸೋಮವಾರ ಇಲ್ಲವೇ ಮಂಗಳವಾರ. ಭಾನುವಾರ ಅಂಗಡಿಗಳಿಗೆ ಕಾನೂನಿನ ಪ್ರಕಾರವೇ ರಜೆ. ಬೇಕರಿ ಬೆಳಗ್ಗೆ ಕೆಲವು ಗಂಟೆ ತೆರೆದಿರುತ್ತದೆ, ಅಷ್ಟೇ. ಭಾನುವಾರಕ್ಕೆ ಬೇಕಾದ ಹಾಲು, ತರಕಾರಿ, ನೀರು ಶನಿವಾರವೇ ತಂದಿಟ್ಟುಕೊಳ್ಳಿ. ಈಸ್ಟರಿನ ಲೆಕ್ಕದ ಮೇಲೆ ಬರುವ ಎರಡು ರಜೆಗಳು, ಒಂದು ಗುರುವಾರ ಮತ್ತೊಂದು ಸೋಮವಾರ, ಮೇ ತಿಂಗಳಲ್ಲೇ ಬೀಳುವುದುಂಟು. ಕ್ಯಾಲೆಂಡರ್ ನೋಡಿ ರೂಮು ಹಿಡಿಯಿರಿ. ಆ ದಿನಗಳಲ್ಲಿ ಅಂಗಡಿಯೂ ಇಲ್ಲ, ರೂಮಿನ ಬಾಡಿಗೆಯೂ ಜಾಸ್ತಿ.

ಕೈಯಲ್ಲಿ ನಗದು ಇರಲಿ. ಸಣ್ಣ ಬೇಕರಿ, ಐಸ್‌ಕ್ರೀಮ್ ಅಂಗಡಿ, ಶೌಚಾಲಯ ಇಲ್ಲೆಲ್ಲ ಚಿಲ್ಲರೆ ಬೇಕು. 'ಕಾರ್ಡ್ ನಡೆಯುತ್ತೆ' ಅಂದರೂ ಕೆಲವು ಕಡೆ ಜರ್ಮನ್ ಬ್ಯಾಂಕಿನ ಕಾರ್ಡ್ ಮಾತ್ರ ನಡೆಯುತ್ತದೆ, ನಮ್ಮ ವೀಸಾ ಕಾರ್ಡ್ ಅಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿ ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ವಾಪಸ್. ಅಸಲಿಗೆ ಬಾಟಲಿ ಬೇಕಾಗಿಯೇ ಇಲ್ಲ, ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಹೋಟೆಲಿನಲ್ಲಿ ಬಿಲ್ 27.50 ಆದರೆ ದುಡ್ಡು ಕೊಡುವಾಗ 'ಮೂವತ್ತು' ಅನ್ನಿ. ಉಳಿದದ್ದು ಟಿಪ್ಸ್ ಅಂತ ಅವರಿಗೆ ಅರ್ಥವಾಗುತ್ತದೆ. ಮೇಜಿನ ಮೇಲೆ ಬಿಟ್ಟುಬರುವ ಪದ್ಧತಿ ಕಡಿಮೆ.

ಭಾಷೆಯ ಬಗ್ಗೆ ಹೆದರಬೇಡಿ. ಹಾಗಂತ ಬರ್ಲಿನ್‌ನಂತೆ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ ಅಂದುಕೊಳ್ಳಲೂಬೇಡಿ. ನಿಮ್ಮ ವಯಸ್ಸಿನ ಜನ ಅಲ್ಲಿ ಶಾಲೆಯಲ್ಲಿ ಕಲಿತದ್ದು ರಷ್ಯನ್. ಬೇಕರಿಗೆ ಹೋದ ತಕ್ಷಣ ಬೆರಳು ತೋರಿಸಿ 'ಅದು ಕೊಡಿ' ಅನ್ನಬೇಡಿ. ಒಳಗೆ ಕಾಲಿಡುವಾಗ ಎಲ್ಲರಿಗೂ ಕೇಳುವಂತೆ 'ಗೂಟನ್ ಟಾಗ್', ಹೊರಡುವಾಗ 'ಚ್ಯೂಸ್'. ಇಷ್ಟಾದರೆ ಉಳಿದದ್ದು ಕೈಸನ್ನೆಯಲ್ಲೂ ನಡೆಯುತ್ತದೆ. ಅಂಗಡಿಯವರು ನಗುಮುಖ ತೋರಿಸದಿದ್ದರೆ ಸಿಟ್ಟು ಅಂತಲ್ಲ, ಅವರ ರೀತಿಯೇ ಹಾಗೆ. ರಾತ್ರಿ ಹತ್ತರ ಮೇಲೆ ಜೋರು ಮಾತು, ಸ್ಪೀಕರ್ ಹಾಕಿ ಊರಿಗೆ ವಿಡಿಯೋ ಕಾಲ್ ಬೇಡ. ಕಲ್ಲುಹಾಸಿನ ಓಣಿಯಲ್ಲಿ ಪಿಸುಮಾತೂ ಮೂರು ಮನೆಗೆ ಕೇಳುತ್ತದೆ. ಮನೆಗಳ ಫೋಟೊ ತೆಗೆಯಬಹುದು, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ, ಜನರ ಫೋಟೊ ಕೇಳದೆ ತೆಗೆಯಬೇಡಿ.

ಎರಡನೇ ದಿನ ಊರ ಹೊರಗೆ ಹೋಗುವ ಮನಸ್ಸಾದರೆ ಎರಡು ದಾರಿ. ರೈಲಿನಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಟಾಲೆ ಸಿಗುತ್ತದೆ. ಅಲ್ಲಿ ಬೋಡೆ ನದಿ ಬೆಟ್ಟ ಸೀಳಿಕೊಂಡು ಬರುತ್ತದೆ, ದಂಡೆಯ ಕಾಲುದಾರಿಯಲ್ಲಿ ಆಯಾಸವಾಗುವಷ್ಟು ನಡೆದು ಹಿಂತಿರುಗಬಹುದು. ಮೇಲಕ್ಕೆ ಕೇಬಲ್ ಕಾರ್ ಇದೆ. ಮಂಡಿನೋವು ಇದ್ದರೆ ಎರಡನೇ ದಾರಿ: ಕ್ವೆಡ್ಲಿನ್‌ಬುರ್ಗ್ ನಿಲ್ದಾಣದಿಂದಲೇ ಹೊರಡುವ ಹಾರ್ಟ್ಸ್ ನ್ಯಾರೋಗೇಜ್ ರೈಲು. 2006ರಲ್ಲಿ ಈ ಊರಿನವರೆಗೆ ಹಳಿ ಹಾಕಿದರು. ಕೆಲವು ಗಾಡಿಗಳಿಗೆ ಇನ್ನೂ ಉಗಿ ಎಂಜಿನ್. ಸ್ವಲ್ಪ ದೂರದಲ್ಲೇ ಸಿಗುವ ಗೆರ್ನ್‌ರೋಡೆಯಲ್ಲಿ ಇಳಿದರೆ ಹತ್ತನೆಯ ಶತಮಾನದ ಒಂದು ಚರ್ಚ್ ಇದೆ. ನನ್ನ ಕೇಳಿದರೆ ಇಡೀ ಸುತ್ತಮುತ್ತಲಲ್ಲಿ ಅದರಷ್ಟು ಗಂಭೀರವಾದ ಕಟ್ಟಡ ಇನ್ನೊಂದಿಲ್ಲ.

ಚಕ್ರದ ದೊಡ್ಡ ಸೂಟ್‌ಕೇಸ್ ಬರ್ಲಿನ್‌ನಲ್ಲೇ ಬಿಡಿ. ನಿಲ್ದಾಣದಿಂದ ಮಾರುಕಟ್ಟೆ ಚೌಕಕ್ಕೆ ಕಾಲು ಗಂಟೆ ನಡಿಗೆ, ಹಳೇ ಊರು ಪೂರ್ತಿ ಉಂಡೆಕಲ್ಲಿನ ಹಾಸು. ಒಬ್ಬೊಬ್ಬರಿಗೆ ಒಂದು ಬೆನ್ನುಚೀಲ ಸಾಕು. ದಪ್ಪ ಅಡಿಯ ಶೂ ಹಾಕಿ. ಸಂಜೆಗೆ ಸ್ವೆಟರ್ ಬೇಕು. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಚೀಟಿ ಸಮೇತ ಒಯ್ಯಿರಿ. ಅಲ್ಲಿ ಚೀಟಿ ಇಲ್ಲದೆ ಬಿಪಿ ಮಾತ್ರೆಯನ್ನೂ ಕೊಡುವುದಿಲ್ಲ. ತುರ್ತಿಗೆ 112, ರಾತ್ರಿಯೋ ರಜಾದಿನವೋ ತುರ್ತಲ್ಲದ ಕಾಯಿಲೆಗೆ 116117.

ದಿನಗಳ ಲೆಕ್ಕ. ನೀವಿಬ್ಬರೇ ಆಗಿದ್ದರೆ ಬುಧವಾರ, ಗುರುವಾರ ಅನ್ನುತ್ತಿದ್ದೆ. ಮಗಳೂ ಬರಬೇಕಲ್ಲ, ಹಾಗಾದರೆ ಹೀಗೆ ಮಾಡಿ. ನೀವು ಗುರುವಾರವೇ ಹೋಗಿ. ಮ್ಯಾಗ್ಡೆಬುರ್ಗ್‌ನಲ್ಲಿ ರೈಲು ಬದಲಿಸಿ, ಒಟ್ಟು ಮೂರು ಗಂಟೆ ಚಿಲ್ಲರೆ. ಪ್ರಾದೇಶಿಕ ರೈಲುಗಳಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. 2026ರಲ್ಲಿ ತಿಂಗಳಿಗೆ 63 ಯೂರೊ, ಬರ್ಲಿನ್‌ನ ಮೆಟ್ರೊ, ಬಸ್ಸಿಗೂ ಅದೇ. ಎರಡು ವಾರ ಇರುವವರಿಗೆ ಲಾಭವೇ. ಆದರೆ ಅದು ಪ್ರತಿ ತಿಂಗಳೂ ತಾನಾಗಿ ಮುಂದುವರಿಯುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ಮಗಳು ಶುಕ್ರವಾರ ಸಂಜೆಯೋ ಶನಿವಾರ ಬೆಳಗ್ಗೆಯೋ ಬಂದು ಸೇರಿಕೊಳ್ಳಲಿ. ವಾರಾಂತ್ಯಕ್ಕೆ ಬರ್ಲಿನ್‌ನಿಂದ ನೇರ ರೈಲು ಇದೆ. ಅದು ಹಾಲ್ಬರ್‌ಷ್ಟಾಟ್‌ನಲ್ಲಿ ಎರಡು ಭಾಗವಾಗಿ ಬೇರೆ ಬೇರೆ ಕಡೆಗೆ ಹೋಗುತ್ತದೆ. ಟಾಲೆ ಎಂದು ಬರೆದ ಡಬ್ಬಿ ನೋಡಿಯೇ ಹತ್ತಬೇಕು. ಹೀಗೆ ಮಾಡಿದರೆ ಎರಡರ ಬದಲು ಮೂರು ರಾತ್ರಿ ಆಗುತ್ತದೆ. ಬೇಸರ ಅಂತ ಕೇಳಿದವರಿಗೆ ಮೂರು ರಾತ್ರಿ ಹೇಳುತ್ತಿದ್ದೀನಲ್ಲ ಅನ್ನಬೇಡಿ. ಮೊದಲ ದಿನ ಪ್ರಯಾಣದ ಸುಸ್ತಿಗೇ ಹೋಗುತ್ತದೆ. ಭಾನುವಾರ ವಾಪಸ್ ಬರುವಾಗ ಮಧ್ಯಾಹ್ನ ಎರಡರೊಳಗಿನ ರೈಲು ಹಿಡಿಯಿರಿ. ಸಂಜೆಯ ಗಾಡಿಗಳಲ್ಲಿ ಬೆಟ್ಟ ಹತ್ತಿ ಬಂದವರು, ಸೈಕಲ್ಲಿನವರು, ಊರಿಂದ ಮರಳುವ ವಿದ್ಯಾರ್ಥಿಗಳು ತುಂಬಿರುತ್ತಾರೆ. ಪ್ರಾದೇಶಿಕ ರೈಲಿನಲ್ಲಿ ಸೀಟು ಕಾದಿರಿಸಲು ಆಗುವುದಿಲ್ಲ, ಮ್ಯಾಗ್ಡೆಬುರ್ಗ್‌ವರೆಗೂ ನಿಂತೇ ಬರಬೇಕಾದೀತು.